ಹಂದಿಮಾಂಸದ ಬಾವೊಜಿ: ಕಾಲ, ದೇಶ, ಮತ ವಿಚಾರ

ಪೀಠಿಕೆ

ಯಾವ ಕೃತಿಯನ್ನೇ ಆಗಲಿ ಸವಿಯುವ ಮುನ್ನ ಅದರ ಕಾಲ, ದೇಶ, ಮತಗಳನ್ನು ನಿರ್ಣಯಿಸಬೇಕು. ಅಷ್ಟರಲ್ಲಿ ಸವಿಯುವ ಹೊತ್ತು ಮೀರಿದ್ದರೆ ಸಂಶೋಧನೆ ಗಟ್ಟಿಯಾಗಿದೆಯೆಂದೇ ಅರ್ಥ. ಹುದುಗು ಬಂದ ಗೋಧಿ ಕಣಕದಲ್ಲಿ ಹಂದಿ ಕೈಮಾ ತುಂಬಿ ಹಬೆಯಲ್ಲಿ ಬೇಯಿಸುವ ಚೀನೀ ಕಡುಬಾದ ಬಾವೊಜಿಗೆ ಈ ಭಾಗ್ಯ ನಮ್ಮಲ್ಲಿ ಒದಗಿಲ್ಲ. ಮೂಲ ಆಕರಗಳೆಲ್ಲ ವಿದ್ವಾಂಸರ ಕೈ ಸೇರುವ ಮೊದಲೇ ಯಾರದೋ ಹೊಟ್ಟೆ ಸೇರುತ್ತಿರುವುದೇ ಇದಕ್ಕೆ ಕಾರಣ.

1. ಕಾಲವಿಚಾರ

ಇದರ ಕರ್ತೃ ಚೀನೀ ಮಂತ್ರಿ ಝೂಗೆ ಲಿಯಾಂಗ್ ಎಂಬುದು ಐತಿಹ್ಯ. ಕ್ರಿ.ಶ. 225ರ ದಕ್ಷಿಣ ದಂಡಯಾತ್ರೆಯಲ್ಲಿ ನದಿ ದಾಟಲು ನರಬಲಿ ಬೇಕೆಂದಾಗ, ಈ ಮಂತ್ರಿ ಹಿಟ್ಟಿನೊಳಗೆ ಮಾಂಸವಿಟ್ಟು ತಲೆಯಂತೆ ಮಾಡಿ ನೀರಿಗೆ ಅರ್ಪಿಸಿದನಂತೆ. ನದೀದೇವತೆ ಮೋಸಹೋಯಿತೆಂದು ಒಂದು ಪಕ್ಷ. ರುಚಿ ಹತ್ತಿ ಸುಮ್ಮನಾಯಿತೆಂದು ನಮ್ಮ ಪಕ್ಷ.

ಐತಿಹ್ಯವನ್ನು ನಂಬದವರಿಗೆ ಗ್ರಂಥಾಧಾರವೂ ಉಂಟು. 1127ರಲ್ಲಿ ಜುರ್ಚೆನ್ನರ ವಶವಾದ ಸುಂಗ್ ರಾಜಧಾನಿ ಕೈಫೆಂಗನ್ನು ನೆನೆದು ಮೆಂಗ್ ಯುವಾನ್‌ಲಾವೊ 1147ರಲ್ಲಿ ಗ್ರಂಥ ಮುಗಿಸಿದ. ಅದರಲ್ಲಿ ಬಾವೊಜಿ ಅಂಗಡಿಯ ಹೆಸರನ್ನೂ ಬಿಡದೆ ಬರೆದಿಟ್ಟಿದ್ದಾನೆ. ರಾಜ್ಯ ಹೋದರೂ ನಾಲಿಗೆಯ ನೆನಪು ಹೋಗದೆಂಬುದಕ್ಕೆ ಇದಕ್ಕಿಂತ ಬಲವಾದ ಶಾಸನ ಬೇಕಿಲ್ಲ.

2. ದೇಶವಿಚಾರ

ಉತ್ತರದ ತಿಯಾನ್‌ಜಿನ್‌ನಲ್ಲಿ 1858ರಲ್ಲಿ ಆರಂಭವಾದ ಗೌಬುಲಿ ಅಂಗಡಿಯ ಬಾವೊಜಿಗೆ ಸಂಪ್ರದಾಯದಂತೆ ಹದಿನೆಂಟು ನಿರಿಗೆ. ಮಹಾಕಾವ್ಯಕ್ಕೂ ಅಷ್ಟಾದಶ ವರ್ಣನೆಗಳು ಬೇಕೆಂಬುದನ್ನು ಬಲ್ಲವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂರ್ಯೋದಯ, ಚಂದ್ರೋದಯಗಳು ಯಾವ ಯಾವ ನಿರಿಗೆಯಲ್ಲಿವೆ ಎಂಬುದಷ್ಟೇ ಇತ್ಯರ್ಥವಾಗಬೇಕಿದೆ.

'ಬಾವೊಜಿಯ ಮಾಂಸ ನಿರಿಗೆಯಲ್ಲಿರುವುದಿಲ್ಲ' ಎಂದು ಚೀನೀಯರಲ್ಲೇ ಒಂದು ಗಾದೆಯಿದೆ. ಗಾದೆ ಕಟ್ಟಿದವರಿಗೆ ಸಂಶೋಧನೆಯ ಶಿಸ್ತು ಇರಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

3. ಮತವಿಚಾರ

ಮುಖ್ಯ ಮತಗಳು ಎರಡು. ಉತ್ತರದವರದು ಬಾಯಿ ಮುಚ್ಚಿದ ಮತ. ಹಸಿ ಕೈಮಾ ತುಂಬಿ, ನಿರಿಗೆ ಹಿಡಿದು ಬಿಗಿಯುತ್ತಾರೆ. ದಕ್ಷಿಣದ ಗುವಾಂಗ್‌ಡಾಂಗ್‌ನವರ ಚಾರ್ ಸಿಯು ಬಾವೊ ಬಾಯಿ ಬಿಟ್ಟ ಮತಕ್ಕೆ ಸೇರಿದ್ದು. ಸಿಹಿ ಲೇಪ ಹಚ್ಚಿ ಸುಟ್ಟ ಹಂದಿಮಾಂಸವನ್ನು ಸಣ್ಣಗೆ ಹೆಚ್ಚಿ, ಆಯಿಸ್ಟರ್ ಸಾಸ್‌ನಲ್ಲಿ ಕಲಸಿ ತುಂಬುತ್ತಾರೆ. ಕಣಕಕ್ಕೆ ಯೀಸ್ಟ್ ಜೊತೆಗೆ ಬೇಕಿಂಗ್ ಪೌಡರ್ ಬೀಳುವುದರಿಂದ ಹಬೆ ತಾಗುತ್ತಲೇ ನೆತ್ತಿ ಬಿರಿಯುತ್ತದೆ. ಒಂದು ಮತದಲ್ಲಿ ಮಹಾಪಾಪವಾದ ಬಿರುಕು ಇನ್ನೊಂದರಲ್ಲಿ ಮೋಕ್ಷ.

4. ಗೃಹಪ್ರಯೋಗ

300 ಗ್ರಾಂ ಮೈದಾ, 3 ಗ್ರಾಂ ಯೀಸ್ಟ್, ಒಂದು ಚಮಚ ಸಕ್ಕರೆ, 155 ಮಿಲಿಲೀಟರ್ ಉಗುರುಬೆಚ್ಚಗಿನ ನೀರು. ಕೈಗೆ ಅಂಟಬಾರದು, ಪಾತ್ರೆಗೆ ಮೆತ್ತಬಾರದು, ಕಣಕ ನುಣುಪಾಗಬೇಕು. ಈ ಮೂರೂ ಆಗುವವರೆಗೆ ನಾದಬೇಕೆಂದು ಚೀನೀ ಗೃಹಿಣಿಯರ ವಿಧಿ. ಇದೇ ಪಾಕಶಾಸ್ತ್ರದ ತ್ರಿಕರಣಶುದ್ಧಿ.

ಕೈಮಾದಲ್ಲಿ ಏಳು ಪಾಲು ಮಾಂಸ, ಮೂರು ಪಾಲು ಕೊಬ್ಬು. ಸೋಯಾ ಸಾಸ್, ಬಿಳಿ ಮೆಣಸು, ಎಳ್ಳೆಣ್ಣೆ ಬೆರೆಸಿ, ಶುಂಠಿ ಮತ್ತು ಈರುಳ್ಳಿ ಸೊಪ್ಪು ನೆನೆಸಿದ ನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ಒಂದೇ ದಿಕ್ಕಿನಲ್ಲಿ ತಿರುವಬೇಕು. ಪ್ರದಕ್ಷಿಣೆಯೋ ಅಪ್ರದಕ್ಷಿಣೆಯೋ ಎಂದು ಶಾಸ್ತ್ರ ಕಟ್ಟುಮಾಡಿಲ್ಲ, ನಡುವೆ ಪಕ್ಷಾಂತರ ಕೂಡದೆಂದಷ್ಟೇ ಹೇಳುತ್ತದೆ. ಸೋಯಾ ಸಾಸ್‌ನ ಉಪ್ಪಿಗೆ ಬಿಟ್ಟುಕೊಂಡ ಮಾಂಸದ ಪ್ರೋಟೀನು ಅಂಟಂಟಾಗಿ ನೀರನ್ನು ಹಿಡಿದಿಡುವುದರಿಂದ ಬೆಂದ ಮೇಲೂ ಹೂರಣ ರಸರಸವಾಗಿರುತ್ತದೆ.

ಉಬ್ಬಿದ ಕಣಕವನ್ನು ಮತ್ತೆ ನಾದಿ, ಉಂಡೆ ಮಾಡಿ, ಅಂಚು ತೆಳ್ಳಗೆ ನಡು ದಪ್ಪಗೆ ಲಟ್ಟಿಸಬೇಕು. ಎಡ ಹೆಬ್ಬೆರಳು ಹೂರಣವನ್ನು ಒಳಕ್ಕೆ ಅದುಮುತ್ತಿರಬೇಕು, ಬಲಗೈಯ ಎರಡು ಬೆರಳು ಅಂಚನ್ನು ಹಿಡಿದು ಮಡಿಕೆಯ ಮೇಲೆ ಮಡಿಕೆ ಇಡುತ್ತ ಸುತ್ತು ಬರಬೇಕು. ಕೈಗೆ ಹಗುರವೆನಿಸುವವರೆಗೆ ಇನ್ನೊಮ್ಮೆ ಉಬ್ಬಲು ಬಿಟ್ಟು, ಬಿದಿರು ಬುಟ್ಟಿಯಲ್ಲಿ ಹದಿನೈದು ನಿಮಿಷ ಬೇಯಿಸಿ.

5. ಮುಚ್ಚಳ ಮೀಮಾಂಸೆ

ಪೂರ್ವಪಕ್ಷ: ಒಲೆ ಆರಿಸಿದೊಡನೆ ಮುಚ್ಚಳ ತೆಗೆಯಬೇಕು, ಹಸಿವೇ ಪ್ರಮಾಣ.

ಸಿದ್ಧಾಂತ: ಮೂರರಿಂದ ಐದು ನಿಮಿಷ ತೆಗೆಯಕೂಡದು. ಥಟ್ಟನೆ ತಣ್ಣನೆ ಗಾಳಿ ತಾಗಿದರೆ ಒಳಗಿನ ಹಬೆ ನೀರಾಗಿ, ಬಿಸಿಗಾಳಿ ಕುಗ್ಗಿ, ಉಬ್ಬಿದ್ದೆಲ್ಲ ಸುಕ್ಕಾಗುತ್ತದೆ. ಹದಿನೆಂಟು ನಿರಿಗೆ ಎಣಿಸಹೊರಟ ಸಂಶೋಧಕನಿಗೆ ಆಗ ಸಾವಿರದ ಎಂಟು ಸಿಗುತ್ತವೆ.

6. ಮೌಖಿಕ ಪರೀಕ್ಷೆ

ಪ್ರಬಂಧದ ಜೊತೆ ಬಿಸಿಬಿಸಿ ಸಾಕ್ಷ್ಯವನ್ನೂ ಮಂಡಳಿಯ ಮುಂದಿಡಲಾಯಿತು. ಕಾಲ, ದೇಶ, ಮತಗಳ ಬಗ್ಗೆ ಯಾರೂ ಪ್ರಶ್ನೆ ಕೇಳಲಿಲ್ಲ, ನಿರಿಗೆಯನ್ನು ಯಾರೂ ಎಣಿಸಲಿಲ್ಲ. ಬುಟ್ಟಿ ಖಾಲಿಯಾದ ಮೇಲೆ ಪರೀಕ್ಷಕರು ಕೈ ತೊಳೆದು ಬಂದು, ಸಾಕ್ಷ್ಯ ಸಾಲದೆಂಬ ಕಾರಣ ಕೊಟ್ಟು, ಮರುಪರೀಕ್ಷೆಗೆ ಒಮ್ಮತದಿಂದ ಶಿಫಾರಸು ಮಾಡಿದರು.