ರಾಯಲ್ಪಾಡಿನ ಬಯಲು ಚೌಕಟ್ಟು: ಒಂದು ತಜ್ಞ ವರದಿ

ಹೊಸ ಮನೆಯ ತೊಲೆ, ಕಂಬಗಳನ್ನು ಮುಚ್ಚಿಡದೆ ಬಂದವರಿಗೆಲ್ಲ ಕಾಣುವಂತೆ ಬಿಡಬೇಕೆಂದು ತಿಳಿದವರೆಲ್ಲ ಒಪ್ಪಿದ್ದಾರೆ. ಅದೂ ಸಾದಾ ಮರ ಆಗದು. ಪದರ ಪದರ ಅಂಟಿಸಿದ ಇಂಜಿನಿಯರ್ಡ್ ಮರವೇ ಆಗಬೇಕು. ಜರ್ಮನಿಯ ಒಟ್ಟೊ ಹೆಟ್ಜರ್ 1906ರಲ್ಲೇ ಅಂಥ ತೊಲೆಗೆ ಪೇಟೆಂಟ್ ಪಡೆದ. 2019ರಲ್ಲಿ ನಾರ್ವೆಯವರು ಅಂಥ ಮರದ ಚೌಕಟ್ಟಿನಲ್ಲಿ 18 ಅಂತಸ್ತು ಎಬ್ಬಿಸಿದರು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಈ ವಿಷಯದಲ್ಲಿ ಹಿಂದುಳಿದಿದೆ ಎಂಬ ಅಪವಾದವಿದೆ. ಸುಳ್ಳು. ಇಲ್ಲಿ ಮೋಲ್ಡ್ ಹಾಕುವ ಮನೆಮನೆಯಲ್ಲೂ ಆ ಚೌಕಟ್ಟು ನಿಂತಿದೆ. ಅರಿಯದವರು ಸೆಂಟ್ರಿಂಗ್ ಎನ್ನುತ್ತಾರೆ.

ಕೆಳಗೆ ನೀಲಗಿರಿ ಕಂಬಗಳು, ಒಂದೊಂದೂ ತನಗೆ ತೋಚಿದ ದಿಕ್ಕಿಗೆ ಬಾಗಿರುತ್ತದೆ. ಗಿಡ್ಡವಾದದ್ದಕ್ಕೆ ಅಡಿಯಲ್ಲಿ ಇಟ್ಟಿಗೆ, ಅದೂ ಸಾಲದಿದ್ದರೆ ಮರದ ಬೆಣೆ. ಮೇಲೆ ಪ್ಲೈವುಡ್: ಪದರಕ್ಕೊಮ್ಮೆ ನಾರಿನ ದಿಕ್ಕು ಅಡ್ಡ ತಿರುಗಿಸಿ ಅಂಟಿಸಿದ ಸಾಕ್ಷಾತ್ ಇಂಜಿನಿಯರ್ಡ್ ಮರ. ಹಿಂದಿನ ಮನೆಗಳ ಸಿಮೆಂಟು ಮೆತ್ತಿಕೊಂಡು ಬಂದ ಬೂದು ಛಾಯೆಗೆ ಪ್ರತ್ಯೇಕ ದುಡ್ಡಿಲ್ಲ.

ಇಷ್ಟನ್ನು ನಿಲ್ಲಿಸಿ, ಕೊನೆಗೆ ಬಿಚ್ಚಿಬಿಡುತ್ತಾರೆ! ಭಾರತೀಯ ಮಾನಕ 456ರಂತೆ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಕೆಳಗೆ ಕಂಬ ಕನಿಷ್ಠ 7 ದಿನ ಇರಬೇಕು, ಅದಕ್ಕೂ ಅಗಲವಾದರೆ 14 ದಿನ. ಗರಿಷ್ಠ ಎಷ್ಟೆಂದು ಮಾನಕ ಹೇಳಿಲ್ಲ. ಈ ಔದಾರ್ಯವನ್ನು ಬಳಸಿಕೊಂಡವರು ಮಾವಿನ ದುಡ್ಡು ಕೈಗೆ ಬರಲೆಂದು ಕೆಲಸ ನಿಲ್ಲಿಸಿದವರು ಮಾತ್ರ. ಅವರ ಕಂಬಗಳಲ್ಲಿ ಬಟ್ಟೆ ಒಣಗುತ್ತದೆ, ಸೀರೆಯ ತೊಟ್ಟಿಲು ತೂಗುತ್ತದೆ, ರಾತ್ರಿ ಕೋಳಿ ಕೂರುತ್ತದೆ. ಒಳಾಂಗಣ ವಿನ್ಯಾಸ ಎಂದರೆ ಇದೇ ತಾನೆ?

"ಬಿಚ್ಚದಿದ್ರೆ ಬಾಡಿಗೆ ಯಾರು ಕೊಡ್ತಾರೆ ಸಾರ್?" ಎಂದರು ಮೇಸ್ತ್ರಿ. ಸೌಂದರ್ಯಕ್ಕೆ ಸಂಬಂಧಪಡದ ಪ್ರಶ್ನೆಯಾದ್ದರಿಂದ ಅನುಬಂಧಕ್ಕೆ ಸೇರಿಸಿದ್ದೇನೆ. ಗೆದ್ದಲಿನ ಮಾತೆತ್ತಿದವರೂ ಇದ್ದರು. ಗೆದ್ದಲು ಊರಿನ ಹಳೆಯ ನಿವಾಸಿ. ಅದನ್ನು ಕೇಳದೆ ತೀರ್ಮಾನ ಸಲ್ಲದು. ನೀಲಗಿರಿ ಅಂತರ್ಜಲ ಹೀರುತ್ತದೆಂದು ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದರಿಂದ, ಇರುವ ಸೊಟ್ಟ ಕಂಬಗಳಿಗೆ ಇನ್ನು ಪುರಾತನ ವಸ್ತುವಿನ ಬೆಲೆ.

ಆದ್ದರಿಂದ ಶಿಫಾರಸು: ಸೆಂಟ್ರಿಂಗ್ ಮುಗಿದ ಸಂಜೆಯೇ ಗೃಹಪ್ರವೇಶ ಮಾಡಿ. ಕಾಂಕ್ರೀಟು ಬೇಡ. ಕಬ್ಬಿಣ, ಜಲ್ಲಿ, ಸಿಮೆಂಟು ಪೂರ್ತಿ ಉಳಿತಾಯ. ಸೂರಿಲ್ಲದ ಮನೆಗೆ ಮಳೆ ಬಂದರೇನು ಗತಿ ಎಂದು ಮನೆಯವರು ಕೇಳಿದರು. ಇದು ಕೋಲಾರ ಜಿಲ್ಲೆ ಎಂದು ನೆನಪಿಸಿದೆ.