ಅಡ್ಡಹೆಸರು: ಬಳಸುವ ಮುನ್ನ ಓದಿಕೊಳ್ಳಿ

ಉತ್ತರ ಕರ್ನಾಟಕದಲ್ಲಿ ತಯಾರಾದ ಅಡ್ಡಹೆಸರೊಂದನ್ನು ಹುಟ್ಟುತ್ತಲೇ ಪಡೆದಿರುವ ತಮಗೆ ಅಭಿನಂದನೆಗಳು. ಇದಕ್ಕೆ ಕರೆಂಟು ಬೇಡ, ಎಣ್ಣೆ ಬೇಡ, ತುಕ್ಕಂತೂ ಹಿಡಿಯುವುದಿಲ್ಲ. ತಯಾರಿಸಿದವರ ವಿಳಾಸ ಮಾತ್ರ ಎಲ್ಲೂ ಅಚ್ಚಾಗಿಲ್ಲ. ಅದನ್ನು ಪತ್ತೆ ಹಚ್ಚಬೇಕೆನ್ನುವವರಿಗಾಗಿ ಈ ಕೈಪಿಡಿ.

ಜೋಡಣೆ. ಮೊದಲು ನಿಮ್ಮ ಹೆಸರು, ನಡುವೆ ತಂದೆಯದು, ಕೊನೆಗೆ ಅಡ್ಡಹೆಸರು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯ ರೂಢಿ ಇದು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಹಳೇ ಮೈಸೂರಿನ ಮಾದರಿ ಬೇರೆ. ಅಲ್ಲಿ ಊರೂ ಅಪ್ಪನೂ ಮುಂದೆ ನಿಂತು ಇನಿಶಿಯಲ್ ಆಗುತ್ತಾರೆ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಹೆಣ್ಣುಮಕ್ಕಳು ಗಮನಿಸಿ: ಮದುವೆಯಾದ ಮೇಲೆ ನಡುವಿನದನ್ನೂ ಕೊನೆಯದನ್ನೂ ಬದಲಿಸುವ ಪದ್ಧತಿ ಇದೆ, ಬದಲಿಸಲೇಬೇಕೆಂಬ ಕಾನೂನು ಇಲ್ಲ. ಬದಲಿಸಿದರೆ ಬ್ಯಾಂಕಿನವರಿಗೆ, ಬದಲಿಸದಿದ್ದರೆ ಅತ್ತೆಗೆ ಉತ್ತರ ಹೇಳಬೇಕಾಗುತ್ತದೆ.

ಮೂಲ ಹುಡುಕುವ ವಿಧಾನ. ಮನೆಯ ಹಿರಿಯರನ್ನು ಕೇಳಬೇಡಿ. ಕೇಳಿದರೆ ಕುದುರೆ, ಕತ್ತಿ, ಜಹಗೀರು ಒಂದೊಂದಾಗಿ ಹೊರಬೀಳುತ್ತವೆ. ಯಾವನೋ ಸುಲ್ತಾನ ನಿಮ್ಮ ಮುತ್ತಾತನ ಮುತ್ತಾತನ ಶೌರ್ಯಕ್ಕೆ ಮೆಚ್ಚಿ ಈ ಹೆಸರು ದಯಪಾಲಿಸಿರುತ್ತಾನೆ. ಹೆಸರು ‘ಉಳ್ಳಾಗಡ್ಡಿ’ ಆಗಿದ್ದರೂ ಅಷ್ಟೇ.

ಓಣಿಯವರನ್ನು ಕೇಳಿ. ಏಕೆಂದರೆ ಈ ಹೆಸರು ಇಟ್ಟವರು ಅವರು. ಊರಲ್ಲಿ ನಾಲ್ಕು ಮಂದಿ ಬಸಪ್ಪರಿದ್ದರೆ ಗುರುತು ಸಿಗಬೇಕಲ್ಲ? ಬೆಲ್ಲ ಮಾರುವವನ ಮನೆತನ ಬೆಲ್ಲದ ಆಯಿತು, ಉಪ್ಪು ಮಾರುವವನದು ಉಪ್ಪಿನ, ಅರಿವೆ ವ್ಯಾಪಾರದವನದು ಜವಳಿ. ಮೂಲೆಯಲ್ಲಿದ್ದವರು ಮೂಲಿಮನಿ, ಊರ ಬಾಗಿಲ ಪಕ್ಕದವರು ಅಗಸಿಮನಿ. ಯಾವ ಕಾಲದಲ್ಲೋ ಹೊಸ ಮನೆ ಕಟ್ಟಿಸಿದವರು ಹೊಸಮನಿ. ಆ ಮನೆಯ ಮಣ್ಣಿನ ಮಾಳಿಗೆ ಸೋರಿ, ಗೋಡೆ ಬಿದ್ದು, ಅಲ್ಲಿ ಜಾಲಿ ಬೆಳೆದಿದ್ದರೂ ಅವರು ಇನ್ನೂ ಹೊಸಮನಿಯವರೇ.

ಊರಿನ ಹೆಸರು ಹೊತ್ತ ಮಾದರಿಗಳು. ಇವುಗಳನ್ನು ತಿರುವಿ ಓದಬೇಕು. ನಿಮ್ಮ ಅಡ್ಡಹೆಸರಿನಲ್ಲಿ ಯಾವ ಊರಿದೆಯೋ ಆ ಊರನ್ನು ನಿಮ್ಮವರು ಬಿಟ್ಟು ಬಂದಿದ್ದಾರೆ ಎಂದರ್ಥ. ಮನಸೂರಿನೊಳಗೇ ಇರುವವನನ್ನು ‘ಮನಸೂರ’ ಎಂದು ಕರೆದು ಯಾರಿಗೇನು ಉಪಯೋಗ? ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಗಂಗೂಬಾಯಿ ಹಾನಗಲ್ಲರು ಬಾಳಿ ಹಾಡಿದ್ದು ಹುಬ್ಬಳ್ಳಿಯಲ್ಲಿ. ಗಿರೀಶ ಕಾರ್ನಾಡರು ಹುಟ್ಟಿದ ಮಾಥೇರಾನಿಗೂ ದಕ್ಷಿಣ ಕನ್ನಡದ ಕಾರ್ನಾಡಿಗೂ ನಡುವೆ ಇಡೀ ಕೊಂಕಣ ತೀರವೇ ಇದೆ. ‘ಮಠ’ ಸೇರಿದ ಹೆಸರಿದ್ದರೆ ಸಾಮಾನ್ಯವಾಗಿ ಜಂಗಮ ಮನೆತನ. ಹಿರೇಮಠ, ಚಿಕ್ಕಮಠ, ಸಾಲಿಮಠ ಹೀಗೆ. ಕೆಲವೊಮ್ಮೆ ಬಾಲ ಉದುರುವುದುಂಟು: ಕುಮಾರ ಗಂಧರ್ವರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಆಗಿದ್ದವರು, ಮುಂದೆ ಮನೆತನದ ಹೆಸರು ಕೊಂಕಾಳಿ ಎಂದಷ್ಟೇ ಉಳಿಯಿತು.

ಹುದ್ದೆಯ ಮಾದರಿಗಳು. ಮಾರುಕಟ್ಟೆಯಲ್ಲಿ ಇವಕ್ಕೇ ಬೇಡಿಕೆ ಹೆಚ್ಚು. ಪರಗಣೆಯ ಮಟ್ಟದಲ್ಲಿ ದೇಸಾಯಿ, ದೇಶಪಾಂಡೆ. ಊರಿನ ಮಟ್ಟದಲ್ಲಿ ಪಾಟೀಲ, ಕುಲಕರ್ಣಿ. ಒಬ್ಬ ಕಂದಾಯ ಎತ್ತುವವನು, ಇನ್ನೊಬ್ಬ ಅದನ್ನು ಬರೆದಿಡುವವನು. ಇನ್ನೂ ಹಳೆಯದು ಬೇಕೆಂದರೆ ಶಾಸನಗಳಿಗೆ ಹೋಗಿ. ಅಲ್ಲಿನ ಗಾವುಂಡನೇ ಸವೆದು ಗೌಡನಾದ. ಶಾಸನದ ಪಾಠ ಬರೆದ ಸೇನಬೋವನ ಮೊಮ್ಮಕ್ಕಳು ಶ್ಯಾನುಭೋಗರೂ ಶಾನಭಾಗರೂ ಆಗಿ ನಮ್ಮ ನಡುವೆ ಓಡಾಡುತ್ತಿದ್ದಾರೆ. ವಂಶಪಾರಂಪರ್ಯದ ಈ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ತೆಗೆದುಹಾಕಿತು. ದಫ್ತರ ಸಂಬಳದ ಗ್ರಾಮಲೆಕ್ಕಿಗರ ಕೈಗೆ ಹೋಯಿತು, ಹೆಸರು ಮನೆಯಲ್ಲೇ ಉಳಿಯಿತು. ಈಗಿನ ಕುಲಕರ್ಣಿ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಾನೆ. ತಿಂಗಳ ಕೊನೆಗೆ ದುಡ್ಡು ಎಲ್ಲಿ ಹೋಯಿತೆಂದು ಫೋನ್‌ಪೇ ತೆರೆದು ನೋಡುತ್ತಾನೆ.

ಒಂದು ಮಾತು ಹೇಳಲೇಬೇಕು. ಪಾಟೀಲ ಎಷ್ಟು ಹುದ್ದೆಯೋ ತಳವಾರವೂ ಅಷ್ಟೇ ಹುದ್ದೆ, ವಾಲೀಕಾರವೂ ಅಷ್ಟೇ. ಒಂದೇ ಚಾವಡಿ. ಒಬ್ಬ ಕಟ್ಟೆಯ ಮೇಲೆ ಕೂತ, ಒಬ್ಬ ರಾತ್ರಿ ಊರು ಕಾಯ್ದ, ಒಬ್ಬ ಓಲೆ ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆದ. ಆದರೂ ಮನೆತನದ ಇತಿಹಾಸ ಬರೆಸಿ, ಫೋಟೊ ಸಮೇತ ಅಚ್ಚು ಹಾಕಿಸುವುದು ವಾಡೆಯಿದ್ದವರು ಮಾತ್ರ. ನಡೆದವನ ಇತಿಹಾಸವೇ ಓದಲು ಸ್ವಾರಸ್ಯವಾಗಿರುತ್ತಿತ್ತು ಎಂದು ನನ್ನ ಅಂದಾಜು.

ಎಚ್ಚರಿಕೆ. ಹೆಸರು ಹಿಡಿದು ಜಾತಿ ಅಳೆಯಬೇಡಿ, ಉಪಕರಣ ಕೈಕೊಡುತ್ತದೆ. ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಇನಾಮದಾರರ ಕಥೆಯೂ ಹಾಗೆಯೇ. ಬಸ್ಸಿನಲ್ಲಿ ಪಕ್ಕದವರು “ನಿಮ್ಮ ಅಡ್ಡೆಸ್ರೇನ್ರೀ?” ಎಂದು ಶುರು ಮಾಡಿ, “ಪಾಟೀಲ ಅಂದ್ರ ಯಾ ಪಾಟೀಲ್ರು?” ಎಂದು ಮುಂದುವರಿದರೆ ನಿಮ್ಮ ನಿಲ್ದಾಣ ಬಂತೆಂದು ಎದ್ದುಬಿಡಿ.

ಸರ್ವಿಸಿಂಗ್. ಅಧಿಕೃತ ಮೆಕ್ಯಾನಿಕ್ ಹೆಳವರು. ಮನೆತನಗಳ ವಂಶಾವಳಿ ಹೇಳುವುದೇ ಇವರ ಕುಲಕಸುಬು. ಸುಗ್ಗಿ ಮುಗಿದು ಮನೆಯಲ್ಲಿ ಕಾಳು ತುಂಬಿರುವಾಗ, ಇನ್ನೂ ಬೆಳಕು ಹರಿಯುವ ಮೊದಲೇ ಅಂಗಳದಲ್ಲಿ ಗಂಟೆ ಕೇಳಿಸುತ್ತದೆ. ಸಿಂಗರಿಸಿದ ಎತ್ತು. ಅದರ ಮೇಲೆ ಕಂಬಳಿಯಿಂದ ಕಾಲು ಮುಚ್ಚಿಕೊಂಡು ಹೆಳವನಂತೆ ಕೂತ ಗಟ್ಟಿ ಆಳು. ಕೂತಲ್ಲಿಂದಲೇ ನಿಮ್ಮ ಅಜ್ಜನ ಅಜ್ಜ ಯಾವ ಊರಿನಿಂದ ಬಂದ, ಅವನಿಗೆ ಎಷ್ಟು ಮಂದಿ ಗಂಡುಮಕ್ಕಳು, ಯಾರ ಯಾರ ಪಾಲಿಗೆ ಏನು ಬಂತು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ನೀವು ಬಾಯಿ ತೆರೆದು ನಿಂತಿರುವಾಗಲೇ ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾನೆ. ಸರ್ವಿಸ್ ಚಾರ್ಜು ಜೋಳ, ಬಟ್ಟೆ, ರೊಕ್ಕ. ಚೌಕಾಸಿ ಮಾಡಬೇಡಿ. ನಿಮ್ಮ ಮುತ್ತಾತ ಕೊಟ್ಟಿದ್ದೆಷ್ಟು ಎಂಬುದೂ ಅವನಿಗೆ ಗೊತ್ತಿರಬಹುದು.

ದೋಷ ಮತ್ತು ಪರಿಹಾರ. ಮಂಡ್ಯದ ಕಡೆಯವರು ಪಾಸ್‌ಪೋರ್ಟ್ ಅರ್ಜಿಯ ಸರ್‌ನೇಮ್ ಚೌಕದ ಮುಂದೆ ಗಕ್ಕನೆ ನಿಲ್ಲುವುದು ತಯಾರಿಕೆಯ ದೋಷವಲ್ಲ. ಆ ಚೌಕ ಅವರನ್ನು ಕೇಳಿ ಮಾಡಿದ್ದಲ್ಲ. ಇನಿಶಿಯಲ್ ಬಿಡಿಸಿ ಬರೆದರೆ ಅಮೆರಿಕದ ಕಚೇರಿಯಲ್ಲಿ ದಿನವಿಡೀ ತಂದೆಯ ಹೆಸರಿಗೋ ಊರಿನ ಹೆಸರಿಗೋ ಓಗೊಡಬೇಕು. ಸರ್‌ನೇಮ್ ಚೌಕವನ್ನು ಖಾಲಿ ಬಿಟ್ಟು ಒಂದೇ ಹೆಸರು ಬರೆದರೆ ಅಲ್ಲಿನ ವೀಸಾದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಎಂಬ ಮೂರಕ್ಷರ ಸೇರಿಕೊಳ್ಳುತ್ತದೆ. ಆಮೇಲೆ ಮಿಸ್ಟರ್ ಫ್ನೂ ಎಂದು ಕರೆದಾಗ ಎದ್ದು ನಿಲ್ಲಬೇಕಾದವರು ನೀವೇ.

ವಿಲೇವಾರಿ. ಮೆಣಸಿನಕಾಯಿ ಎಂಬ ಹೆಸರು ಮಗನ ಕಾಲೇಜಿನಲ್ಲಿ ನಗೆಪಾಟಲಾಗಿದೆ, ತೆಗೆದುಬಿಡೋಣ ಎನ್ನುತ್ತೀರಾ? ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಡಿ, ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಧಾರ್ ತಿದ್ದಿಸಿ. ಹೊಸ ಹೆಸರಿನ ಮೊದಲ ಪತ್ರ ಹಿಡಿದು ಹೊಸ ಪೋಸ್ಟ್‌ಮನ್ ಓಣಿಯ ತುದಿಯಲ್ಲಿ ವಿಚಾರಿಸುತ್ತಾನೆ. ಕಟ್ಟೆಯ ಮೇಲಿದ್ದವರು ಲಕೋಟೆ ತಿರುಗಿಸಿ ಮುರುಗಿಸಿ ನೋಡಿ ಹೇಳುತ್ತಾರೆ: “ಇದಾ? ಮೆಣಸಿನಕಾಯ್ಯಾರ್ದು. ಮುಂದ ಹೋಗ್ರಿ, ಬೇವಿನ ಗಿಡದ ಮಗ್ಗಲ ಮನಿ.”