ಫಿಟ್‌ನೆಸ್ ಬ್ಯಾಂಡಿನ ಪ್ರಮಾಣವಿಚಾರ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು, ಎಂದರೆ ಸರಿಯಾದ ಅರಿವನ್ನು ತಂದುಕೊಡುವ ಸಾಧನಗಳನ್ನು, ನ್ಯಾಯಶಾಸ್ತ್ರವು ಒಪ್ಪಿಕೊಂಡಿದೆ. ಮಣಿಕಟ್ಟಿನ ಫಿಟ್‌ನೆಸ್ ಬ್ಯಾಂಡು ಐದನೆಯ ಪ್ರಮಾಣವೋ, ಈ ನಾಲ್ಕನ್ನೂ ಒಟ್ಟಿಗೆ ಕೆಡಿಸುವ ಉಪಾಯವೋ ಎಂಬುದೇ ಪ್ರಸ್ತುತ ಜಿಜ್ಞಾಸೆ.

ಬ್ಯಾಂಡಿಗೆ ಕಾಲು ಕಾಣಿಸುವುದಿಲ್ಲ. ಅದರೊಳಗಿನ ಆಕ್ಸೆಲೆರೋಮೀಟರ್, ಎಂದರೆ ಮೂರು ದಿಕ್ಕುಗಳಲ್ಲಿ ವೇಗದ ಏರಿಳಿತವನ್ನು ಅಳೆಯುವ ಸಣ್ಣ ಚಿಪ್ಪು, ಬಲ್ಲದ್ದು ಕೈಬೀಸನ್ನು ಮಾತ್ರ. ಹೊಗೆಯಿದ್ದಲ್ಲಿ ಬೆಂಕಿಯೆನ್ನುವ ತಾರ್ಕಿಕನಂತೆ, ಲಯಬದ್ಧವಾದ ಬೀಸು ಇದ್ದಲ್ಲಿ ನಡಿಗೆಯಿದೆಯೆಂದು ಅದು ಅನುಮಾನಿಸುತ್ತದೆ. ಆದರೆ ಈ ವ್ಯಾಪ್ತಿ, ಎಂದರೆ ಎರಡರ ನಡುವಿನ ತಪ್ಪದ ನಂಟು, ಎರಡೂ ತುದಿಯಲ್ಲಿ ಕಡಿಯುತ್ತದೆ. ಭಜನೆಯಲ್ಲಿ ಚಪ್ಪಾಳೆ ತಟ್ಟುವವರೂ ಚಪಾತಿ ಹಿಟ್ಟು ನಾದುವವರೂ ಕುಳಿತಲ್ಲೇ ಹೆಜ್ಜೆಗಳನ್ನು ಸಂಪಾದಿಸಬಲ್ಲರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪಿಂಚಣಿ ಪರಿಷ್ಕರಣೆಯನ್ನು ಚರ್ಚಿಸುತ್ತ ಲಾಲ್‌ಬಾಗಿನ ಕೆರೆ ಸುತ್ತುವ ನಿವೃತ್ತರಾದರೋ ಶಾಸ್ತ್ರದೃಷ್ಟಿಯಿಂದ ಬಹುಮಟ್ಟಿಗೆ ನಿಂತಲ್ಲೇ ನಿಂತಿರುತ್ತಾರೆ. ಮೊಮ್ಮಗುವಿನ ತಳ್ಳುಗಾಡಿ ನೂಕುವ ಅಜ್ಜಿಯ ಗತಿಯೂ ಇದೇ. ಬಲಗೈ ರೂಢಿಯವರು ಬ್ಯಾಂಡನ್ನು ಎಡಗೈಗೆ ಕಟ್ಟಿ, ಆ ಸಂಗತಿಯನ್ನು ಆ್ಯಪಿನಲ್ಲಿಯೂ ನಮೂದಿಸುವುದು ಉಚಿತ. ಊಟವನ್ನೂ ವಾದವನ್ನೂ ಬಲಗೈಯಲ್ಲೇ ನಡೆಸುವ ಸಮಾಜದಲ್ಲಿ ಇದರಿಂದಾಗುವ ಲಾಭ ಅಲ್ಪವಲ್ಲ.

ನಾಡಿಯ ವಿಷಯದಲ್ಲಿ ಬ್ಯಾಂಡು ಪ್ರತ್ಯಕ್ಷವನ್ನು ನೆಚ್ಚುತ್ತದೆ: ಚರ್ಮದೊಳಕ್ಕೆ ಹಸಿರು ಬೆಳಕನ್ನು ಹಾಯಿಸಿ, ಪ್ರತಿ ಬಡಿತಕ್ಕೂ ರಕ್ತ ತುಂಬಿ ಬಂದಾಗ ಮರಳುವ ಬೆಳಕು ಕುಗ್ಗುವುದನ್ನು ಎಣಿಸುತ್ತದೆ. ಪಟ್ಟಿ ಸಡಿಲವಾದರೆ ಹೊರಬೆಳಕು ನುಸುಳುತ್ತದೆ, ಹಚ್ಚೆಯ ಬಣ್ಣ ಬೆಳಕಿಗೆ ಅಡ್ಡ ಬರುತ್ತದೆ, ಚಳಿಯಲ್ಲಿ ಚರ್ಮದ ರಕ್ತಸಂಚಾರವೇ ತಗ್ಗುತ್ತದೆ, ಓಟದಲ್ಲಿ ಹೆಜ್ಜೆಯ ಲಯವನ್ನೇ ನಾಡಿಯೆಂದು ಯಂತ್ರ ಭ್ರಮಿಸುವುದೂ ಉಂಟು. ಆದುದರಿಂದ ಮಣಿಕಟ್ಟಿನ ಮೂಳೆಯಿಂದ ಬೆರಳಗಲ ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟತಕ್ಕದ್ದು. ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವ ಎದೆಪಟ್ಟಿ ಇದಕ್ಕಿಂತ ವಿಶ್ವಾಸಾರ್ಹ. ಮದುವೆಮನೆಯಲ್ಲಿ ಅದನ್ನು ಯಾರಿಗೂ ತೋರಿಸುವಂತಿಲ್ಲವೆಂಬುದೊಂದೇ ಅದರ ದೋಷ.

ಕ್ಯಾಲೊರಿಯ ಲೆಕ್ಕವು ಉಪಮಾನಕ್ಕೆ ಸೇರಿದ್ದು, ಏಕೆಂದರೆ ವಯಸ್ಸು, ಎತ್ತರ, ತೂಕಗಳನ್ನು ಕೇಳಿಕೊಂಡು, ಅಂಥವರು ಸಾಮಾನ್ಯವಾಗಿ ಎಷ್ಟು ವ್ಯಯಿಸುತ್ತಾರೆಂಬುದನ್ನೇ ಆಧಾರವಾಗಿ ಹಿಡಿದು ಯಂತ್ರವು ಧರಿಸಿದವರ ಹೆಸರಿಗೆ ಖರ್ಚು ಬರೆಯುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಪರೀಕ್ಷಿಸಿದ ಏಳು ಸಾಧನಗಳಲ್ಲಿ ಆರು ನಾಡಿಯನ್ನು ಶೇ. 5ರೊಳಗಿನ ತಪ್ಪಿನಲ್ಲಿ ಹೇಳಿದವು; ಕ್ಯಾಲೊರಿಯಲ್ಲಾದರೋ ಎಲ್ಲಕ್ಕಿಂತ ವಾಸಿಯೆನಿಸಿದ್ದೇ ಸರಾಸರಿ ಶೇ. 27ರಷ್ಟು ತಪ್ಪಿತು. ತೂಕದ ಕಲಮಿನಲ್ಲಿ ಮದುವೆಯ ವರ್ಷದ ಅಂಕಿಯನ್ನೇ ತುಂಬುವವರು ಈ ತಪ್ಪಿಗೆ ಸ್ವಂತ ಕಾಣಿಕೆಯನ್ನೂ ಸೇರಿಸುತ್ತಾರೆ.

ಶಬ್ದಪ್ರಮಾಣವೆಂದರೆ ಆಪ್ತರ, ಎಂದರೆ ನಂಬತಕ್ಕವರ, ಮಾತು. ದಿನಕ್ಕೆ 10,000 ಹೆಜ್ಜೆಯೆಂಬ ವಿಧಿ ಈ ವರ್ಗಕ್ಕೆ ಸೇರುತ್ತದೆ; ಅದನ್ನು ಲೋಕಕ್ಕೆ ಹಬ್ಬಿಸಿದ ಆಪ್ತರು ವೈದ್ಯರಲ್ಲ, 1965ರಲ್ಲಿ ಜಪಾನಿನಲ್ಲಿ ಆ ಸಂಖ್ಯೆಯನ್ನೇ ಹೆಸರಿನಲ್ಲಿಟ್ಟುಕೊಂಡು ಪೆಡೋಮೀಟರ್ ಮಾರಿದ ವ್ಯಾಪಾರಿಗಳು.

ಉಳಿದದ್ದು ಲಾಲ್‌ಬಾಗಿನ ನಿವೃತ್ತರ ಪ್ರಶ್ನೆ. ಕೈಯನ್ನು ಬಿಚ್ಚಲೊಲ್ಲದವರು ಬ್ಯಾಂಡನ್ನು ಕಾಲ್ಚೀಲದೊಳಗೆ ಸಿಕ್ಕಿಸಿಕೊಳ್ಳಬಹುದು, ಹೆಜ್ಜೆಗಳ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಅಲ್ಲಿ ಬಟ್ಟೆಗೆ ಮುಖಮಾಡಿದ ಹಸಿರು ಬೆಳಕಿಗೆ ನಾಡಿ ಸಿಗುವುದಿಲ್ಲ. ಹೀಗೆ ಸಾವಿರಾರು ಹೆಜ್ಜೆ ನಡೆದೂ ಒಂದು ಬಡಿತವಿಲ್ಲದ ದಾಖಲೆ ಸಿದ್ಧವಾದಾಗ, ಅಂಥ ಸಂಚಾರಿಗಳಿಗೆ ಜನಪದರಲ್ಲಿ ಮೊದಲೇ ಒಂದು ಹೆಸರಿರುವುದರಿಂದ, ಪಾದಗಳು ಹಿಂದುಮುಂದಾಗಿಲ್ಲವೆಂಬುದನ್ನು ಮನೆಯವರು ಖಚಿತಪಡಿಸಿಕೊಳ್ಳತಕ್ಕದ್ದು.